ಹೆಸರು ಮೊದಲು, ನೆಲೆ ಅನಂತರ: ಬೂವೆ ದ್ವೀಪದ ಭೂಗೋಳ ಹಾಗೂ ನಾಮಕರಣದ ಇತಿಹಾಸ

ಸ್ಥಳನಾಮಗಳ ಅಧ್ಯಯನವು ಸಾಮಾನ್ಯವಾಗಿ ಜನವಸತಿಯನ್ನು ಆಧಾರವಾಗಿಟ್ಟುಕೊಂಡು ಹೊರಡುತ್ತದೆ. ಊರನ್ನು ಕಟ್ಟಿದವರು, ಅಲ್ಲಿ ಉತ್ತು ಬಿತ್ತಿದವರು, ಕೆರೆ ತೋಡಿಸಿದವರು, ದೇವರನ್ನು ಪ್ರತಿಷ್ಠಾಪಿಸಿದವರು ಬಿಟ್ಟುಹೋದ ಮಾತಿನ ಕುರುಹುಗಳೇ ಊರ ಹೆಸರುಗಳು. ಶಾಸನ, ಕೈಫಿಯತ್ತು, ಐತಿಹ್ಯ ಇವು ಆ ಹೆಸರುಗಳ ಪೂರ್ವರೂಪಗಳನ್ನು ಗುರುತಿಸಲು ನೆರವಾಗುತ್ತವೆ. ಆದರೆ ಮನುಷ್ಯರು ಎಂದೂ ನೆಲೆಸದ, ಆದುದರಿಂದ ಯಾವ ಆಡುಮಾತಿನ ಬೆಂಬಲವೂ ಇಲ್ಲದ ನೆಲವೊಂದು ಹೆಸರನ್ನು ಪಡೆಯುವುದು ಹೇಗೆ, ಪಡೆದ ಹೆಸರು ಉಳಿಯುವುದು ಯಾರಿಂದ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬೇರೆ ಬಗೆಯ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ. ಹಡಗಿನ ದಿನಚರಿ, ನೌಕಾನಕ್ಷೆ, ರಾಜಾಜ್ಞೆ, ಸರ್ಕಾರಗಳ ನಡುವಣ ಪತ್ರವ್ಯವಹಾರ ಇವೇ ಅಲ್ಲಿನ ಶಾಸನಗಳು. ದಕ್ಷಿಣ ಅಟ್ಲಾಂಟಿಕ್ ಸಾಗರದ ಬೂವೆ ದ್ವೀಪವು ಇದಕ್ಕೆ ಅತ್ಯುತ್ತಮ ನಿದರ್ಶನ. ಇಂಗ್ಲಿಷ್ ಕಾಗುಣಿತವನ್ನು ಅನುಸರಿಸಿ ಇದನ್ನು ಕನ್ನಡದಲ್ಲಿ ‘ಬೌವೆಟ್’ ಎಂದು ಬರೆಯುವುದೂ ಉಂಟು. ಹೆಸರು ಫ್ರೆಂಚ್ ನಾವಿಕನೊಬ್ಬನದಾದುದರಿಂದ ‘ಬೂವೆ’ ಎಂಬ ರೂಪವೇ ಮೂಲ ಉಚ್ಚಾರಕ್ಕೆ ಹತ್ತಿರವಾದುದು.

ದ್ವೀಪದ ನೆಲೆ ಸುಮಾರು 54°25′ ದಕ್ಷಿಣ ಅಕ್ಷಾಂಶ, 3°22′ ಪೂರ್ವ ರೇಖಾಂಶ. ವಿಸ್ತೀರ್ಣ 49 ಚದರ ಕಿಲೋಮೀಟರ್. ಪೂರ್ವ ಪಶ್ಚಿಮವಾಗಿ ಸುಮಾರು ಒಂಬತ್ತೂವರೆ ಕಿಲೋಮೀಟರ್, ಉತ್ತರ ದಕ್ಷಿಣವಾಗಿ ಸುಮಾರು ಏಳು ಕಿಲೋಮೀಟರ್. ನಮ್ಮ ಒಂದು ಹೋಬಳಿಯಷ್ಟೂ ಇಲ್ಲದ ಈ ನೆಲಕ್ಕೆ ದಕ್ಷಿಣ ಆಫ್ರಿಕದ ಕರಾವಳಿ ಸುಮಾರು 2,600 ಕಿಲೋಮೀಟರ್ ದೂರದಲ್ಲಿದೆ. ಅತಿ ಸಮೀಪದ ಖಂಡಭೂಮಿಯೆಂದರೆ ಸುಮಾರು 1,700 ಕಿಲೋಮೀಟರ್ ದಕ್ಷಿಣಕ್ಕಿರುವ ಅಂಟಾರ್ಕ್ಟಿಕದ ಪ್ರಿನ್ಸೆಸ್ ಆಸ್ಟ್ರಿಡ್ ಕರಾವಳಿ. ಭಾರತದ ಮೈತ್ರಿ ಸಂಶೋಧನಾ ಕೇಂದ್ರವಿರುವ ಶಿರ್ಮಾಕರ್ ಪ್ರದೇಶವು ಇದೇ ಕರಾವಳಿಯ ಒಳನಾಡಿನಲ್ಲಿದೆ ಎಂಬುದನ್ನು ನೆನೆದರೆ ದ್ವೀಪದ ಸ್ಥಾನವು ಭಾರತೀಯ ಓದುಗರಿಗೆ ಸ್ವಲ್ಪ ಸ್ಪಷ್ಟವಾಗಬಹುದು. ಜಗತ್ತಿನ ಅತ್ಯಂತ ಒಂಟಿಯಾದ ದ್ವೀಪಗಳಲ್ಲಿ ಇದಕ್ಕೆ ಮೊದಲ ಸ್ಥಾನವನ್ನು ಕೊಡುವುದು ವಾಡಿಕೆ.

ಅಟ್ಲಾಂಟಿಕ್ ಸಾಗರದ ನಡುವಣ ಏಣು ದಕ್ಷಿಣದಲ್ಲಿ ಮುಗಿಯುವ ಭಾಗದಲ್ಲಿ ಆಫ್ರಿಕ, ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕ ಎಂಬ ಮೂರು ಭೂಫಲಕಗಳು ಸಂಧಿಸುತ್ತವೆ. ಆ ಸಂಧಿಯ ಸಮೀಪದಲ್ಲಿ ಕಡಲತಳದಿಂದ ಮೇಲೆದ್ದ ಜ್ವಾಲಾಮುಖಿಯ ತಲೆಯೇ ಬೂವೆ ದ್ವೀಪ. ಅದರ ನಡುವಣ ಬೃಹತ್ ಕುಳಿ ಹಿಮದಿಂದ ತುಂಬಿಹೋಗಿದೆ. ಒಟ್ಟು ನೆಲದ ಶೇಕಡ 93 ಭಾಗವನ್ನು ಹಿಮನದಿಗಳು ಮುಚ್ಚಿವೆ. ಅತ್ಯುನ್ನತ ಶಿಖರ 780 ಮೀಟರ್. ಹಿಮನದಿಗಳು ಕಡಲಿನವರೆಗೂ ಇಳಿದು ಅಲ್ಲಿ ಗೋಡೆಯಂತೆ ಕಡಿದುಬೀಳುತ್ತವೆ. ಹಿಮವಿಲ್ಲದ ಕಡೆ ಕಪ್ಪು ಲಾವಾದ ಕಡಿದಾದ ಬಂಡೆಗಳು. ಬಂದರೆಂದು ಕರೆಯಬಹುದಾದ ಒಂದು ಕೊಲ್ಲಿಯೂ ಇಲ್ಲ. ಪಾಚಿ, ಕಲ್ಲುಹೂವುಗಳನ್ನು ಬಿಟ್ಟರೆ ಹಸುರಿಲ್ಲ. ಪೆಂಗ್ವಿನ್, ಕಡಲಹಕ್ಕಿ, ಸೀಲ್‌ಗಳೇ ಇಲ್ಲಿನ ನಿವಾಸಿಗಳು. ವರ್ಷದ ಬಹುಪಾಲು ದಿನ ಮಂಜು ಮುಸುಕಿರುತ್ತದೆ. ಈ ಕೊನೆಯ ಅಂಶ ಕೇವಲ ಹವಾಮಾನದ ವಿವರವಲ್ಲ. ದ್ವೀಪದ ನಾಮಕರಣದ ಇತಿಹಾಸವನ್ನು ರೂಪಿಸಿದ ಕಾರಣಗಳಲ್ಲಿ ಮಂಜು ಒಂದು. ಇನ್ನೊಂದು, ಹದಿನೆಂಟನೆಯ ಶತಮಾನದ ಪೂರ್ವಾರ್ಧದ ನಾವಿಕರಿಗೆ ರೇಖಾಂಶವನ್ನು ಅಳೆಯಲು ನಂಬಲರ್ಹವಾದ ಸಾಧನವಿಲ್ಲದೆ ಇದ್ದುದು.

ಈ ಇತಿಹಾಸ ಆರಂಭವಾಗುವುದು ದ್ವೀಪವೊಂದರ ಹುಡುಕಾಟದಿಂದಲ್ಲ, ಹೆಸರೊಂದರ ಹುಡುಕಾಟದಿಂದ. ಬಿನೋ ಪೋಮಿಯೆ ದ ಗೊನ್‌ವಿಲ್ ಎಂಬ ನಾರ್ಮಂಡಿಯ ನಾವಿಕನು 1503ರಲ್ಲಿ ಓನ್‌ಫ್ಲರ್ ರೇವಿನಿಂದ ಪೂರ್ವದ ಸಂಬಾರ ವ್ಯಾಪಾರವನ್ನು ಅರಸಿ ಹೊರಟು, ಬಿರುಗಾಳಿಗೆ ಸಿಕ್ಕಿ, ಫಲವತ್ತಾದ ದಕ್ಷಿಣದ ನಾಡೊಂದನ್ನು ತಲಪಿದನೆಂಬ ವೃತ್ತಾಂತವು ಫ್ರಾನ್ಸಿನಲ್ಲಿ ಪ್ರಚಲಿತವಾಗಿತ್ತು. ಅವನು ತಲಪಿದ್ದು ದಕ್ಷಿಣ ಬ್ರೆಜಿಲ್ ಕರಾವಳಿಯೆಂದು ಮುಂದಿನ ವಿದ್ವಾಂಸರು ಬಹುಮಟ್ಟಿಗೆ ಅಭಿಪ್ರಾಯಪಟ್ಟಿದ್ದಾರೆ. ವೃತ್ತಾಂತದ ಸಾಚಾತನದ ಬಗೆಗೇ ಸಂಶಯಪಟ್ಟವರೂ ಇದ್ದಾರೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ‘ಗೊನ್‌ವಿಲ್‌ನ ನಾಡು’ ಎಂಬುದು ನೆಲೆಯಿಲ್ಲದ ಹೆಸರಾಗಿ ಅಲೆಯುತ್ತಿತ್ತು. ಅದು ಆಫ್ರಿಕದ ದಕ್ಷಿಣಕ್ಕಿರುವ ಮಹಾಖಂಡದ ಭಾಗವೆಂಬ ನಂಬಿಕೆ ಬಲವಾಗಿದ್ದಿತು.

ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ ಜಾನ್ ಬಾತಿಸ್ತ್ ಷಾರ್ಲ್ ಬೂವೆ ದ ಲೋಜಿಯೆ (1705–1786) ಈ ನಾಡನ್ನು ಕಂಡುಹಿಡಿಯುವ ಯೋಜನೆಯನ್ನು ಕಂಪನಿಯ ಮುಂದಿಟ್ಟನು. ಕಂಪನಿ ಒಪ್ಪಿದುದಕ್ಕೆ ಕಾರಣ ಭೂಗೋಳದ ಕುತೂಹಲವಲ್ಲ. ಭಾರತಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ಆಹಾರ, ವಿಶ್ರಾಂತಿಯನ್ನು ಒದಗಿಸುವ ಸ್ವಂತ ತಂಗುದಾಣವೊಂದು ಅದಕ್ಕೆ ಬೇಕಾಗಿತ್ತು. ಕೇಪ್‌ನ ರೇವು ಡಚ್ಚರ ಕೈಯಲ್ಲಿದ್ದಿತು. ಪಾಂಡಿಚೇರಿಯ ವ್ಯಾಪಾರದ ಅಗತ್ಯವೇ ಬೂವೆಯನ್ನು ಹಿಮದ ಕಡಲಿಗೆ ಕಳುಹಿಸಿತೆಂದರೆ ತಪ್ಪಾಗಲಾರದು. ಭಾರತದ ಇತಿಹಾಸದಲ್ಲಿಯೂ ಅವನ ಹೆಸರು ಬರುತ್ತದೆ. 1748ರಲ್ಲಿ ಇಂಗ್ಲಿಷ್ ನೌಕಾಪಡೆಯ ಕಣ್ಣು ತಪ್ಪಿಸಿ, ಆಗ ಫ್ರೆಂಚರ ವಶದಲ್ಲಿದ್ದ ಮದರಾಸಿಗೆ ಸೈನಿಕರನ್ನೂ ಹಣವನ್ನೂ ತಲಪಿಸಿದವನು ಇದೇ ಬೂವೆ. ಮುಂದೆ ಬೂರ್ಬೋನ್ ದ್ವೀಪದ, ಅಂದರೆ ಇಂದಿನ ರೆಯೂನಿಯೋಂನ, ಗವರ್ನರ್ ಆಗಿಯೂ ಅವನು ಕೆಲಸ ಮಾಡಿದನು.

1738ರ ಜುಲೈ 19ರಂದು ಲೋರಿಯಾಂ ಬಂದರಿನಿಂದ ‘ಎಗ್ಲ್’ ಮತ್ತು ‘ಮಾರಿ’ ಎಂಬ ಎರಡು ಹಡಗುಗಳು ಹೊರಟವು. 1739ರ ಜನವರಿ 1ರಂದು ಮಂಜಿನ ನಡುವೆ ಹಿಮ ಹೊದ್ದ ಎತ್ತರದ ನೆಲ ಕಂಡಿತು. ಕ್ರೈಸ್ತ ಪಂಚಾಂಗದಲ್ಲಿ ಆ ದಿನ ಯೇಸುವಿನ ಸುನ್ನತಿಯ ಹಬ್ಬ. ಬೂವೆ ತಾನು ಕಂಡ ನೆಲಕ್ಕೆ ‘ಕಾಪ್ ದ ಲಾ ಸಿರ್ಕೊಂಸಿಸಿಯೋಂ’, ಅಂದರೆ ‘ಸುನ್ನತಿಯ ಭೂಶಿರ’ ಎಂದು ಹೆಸರಿಟ್ಟನು. ಹಲವು ದಿನ ಆ ನೀರಿನಲ್ಲಿ ಕಾದರೂ ಮಂಜು ಮತ್ತು ಹಿಮದ ದೆಸೆಯಿಂದ ದಡಕ್ಕೆ ಇಳಿಯುವುದಾಗಲಿ ನೆಲವನ್ನು ಸುತ್ತಿ ನೋಡುವುದಾಗಲಿ ಸಾಧ್ಯವಾಗಲಿಲ್ಲ.

ಹಬ್ಬದ ದಿನದ ಹೆಸರನ್ನು ನೆಲಕ್ಕೆ ಇಡುವುದು ಐರೋಪ್ಯ ನಾವಿಕರ ಹಳೆಯ ರೂಢಿ. 1643ರ ಕ್ರಿಸ್‌ಮಸ್ ದ್ವೀಪ, 1722ರ ಈಸ್ಟರ್ ದ್ವೀಪ ಇದೇ ಬಗೆಯವು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೆ 1498ರಲ್ಲಿ ವಾಸ್ಕೋ ಡ ಗಾಮ ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯೂ ಇಂಥದೇ ಧಾರ್ಮಿಕ ನಾಮಕರಣದ ಹಿನ್ನೆಲೆಯುಳ್ಳದ್ದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಮಲ್ಪೆಯ ಮೀನುಗಾರರಿಗೆ ಆ ದ್ವೀಪಗಳು ಮೊದಲೇ ಪರಿಚಿತ. ‘ತೋನ್ಸೆಪಾರ್’ ಎಂಬ ಸ್ಥಳೀಯ ಹೆಸರು ಉಂಟು. ಭಟ್ಕಳದ ಸಮೀಪದ ನೇತ್ರಾಣಿಯನ್ನು ಇಂಗ್ಲಿಷ್ ನಕ್ಷೆಗಳು ‘ಪಿಜನ್ ಐಲ್ಯಾಂಡ್’ ಎಂದು ಕರೆದರೂ ಕರಾವಳಿಯ ಜನರ ನಾಲಗೆಯಲ್ಲಿ ನೇತ್ರಾಣಿ ನೇತ್ರಾಣಿಯಾಗಿಯೇ ಉಳಿಯಿತು. ಹೊರಗಿನ ಹೆಸರು ಬಂದರೂ ಹೋದರೂ ನೆಲವನ್ನು ಗುರುತಿಸುವ ಜನ ದಡದ ಮೇಲಿದ್ದರು. ಬೂವೆ ಕಂಡ ನೆಲಕ್ಕೆ ಅಂಥ ಆಸರೆಯಿರಲಿಲ್ಲ. ಅವನು ಬರೆದಿಟ್ಟ ಅಂಕಿಗಳು ಸರಿಯಾಗಿದ್ದರೆ ಮಾತ್ರ ಹೆಸರಿಗೆ ಅರ್ಥ.

ಅಂಕಿಗಳಲ್ಲಿ ಒಂದು ಸರಿ, ಒಂದು ತಪ್ಪು. ಸೂರ್ಯನ ಎತ್ತರದಿಂದ ಅಳೆಯುವ ಅಕ್ಷಾಂಶವನ್ನು, 54 ಡಿಗ್ರಿ ಎಂದು, ಬೂವೆ ಸರಿಯಾಗಿಯೇ ಹೇಳಿದ್ದನು. ರೇಖಾಂಶವನ್ನು ಆ ಕಾಲದಲ್ಲಿ ಹಡಗಿನ ವೇಗ, ದಿಕ್ಕು, ಕಳೆದ ವೇಳೆ ಇವುಗಳಿಂದ ಅಂದಾಜು ಮಾಡಬೇಕಾಗಿತ್ತು. ತಿಂಗಳುಗಟ್ಟಲೆ ಸಾಗಿದ ಪ್ರಯಾಣದಲ್ಲಿ ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡು, ಅವನು ಕೊಟ್ಟ ರೇಖಾಂಶವು ನಿಜವಾದ ಸ್ಥಾನಕ್ಕಿಂತ ಸುಮಾರು 8 ಡಿಗ್ರಿ ಪೂರ್ವಕ್ಕೆ ಸರಿದಿತ್ತು. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿಯೆಂದರೆ ಸುಮಾರು 65 ಕಿಲೋಮೀಟರ್. ಎಂದರೆ ಹತ್ತು ಕಿಲೋಮೀಟರ್ ಅಗಲವೂ ಇಲ್ಲದ ದ್ವೀಪವನ್ನು ದಾಖಲೆಯು ಐನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ ತೋರಿಸುತ್ತಿತ್ತು.

1772ರಲ್ಲಿ ಜೇಮ್ಸ್ ಕುಕ್ ತನ್ನ ಎರಡನೆಯ ಯಾನಕ್ಕೆ ಹೊರಟಾಗ ಸುನ್ನತಿಯ ಭೂಶಿರವನ್ನು ಹುಡುಕಿ, ಅದು ಖಂಡದ ಭಾಗವೋ ದ್ವೀಪವೋ ಎಂಬುದನ್ನು ನಿರ್ಧರಿಸುವುದು ಅವನಿಗೆ ವಹಿಸಿದ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಅವನ ‘ರೆಸಲ್ಯೂಷನ್’ ಹಡಗಿನಲ್ಲಿ ಹ್ಯಾರಿಸನ್ನನ ಪ್ರಸಿದ್ಧ ಕಾಲಮಾಪಕದ ಮಾದರಿಯಲ್ಲಿ ಕೆಂಡಾಲ್ ತಯಾರಿಸಿದ ಗಡಿಯಾರವಿದ್ದಿತು. ರೇಖಾಂಶವನ್ನು ನಿಖರವಾಗಿ ತಿಳಿಯಬಲ್ಲ ಮೊದಲ ತಲೆಮಾರಿನ ನಾವಿಕ ಕುಕ್. ವಿಪರ್ಯಾಸವೆಂದರೆ, ಆ ನಿಖರತೆಯು ಅವನನ್ನು ತಪ್ಪಾದ ಜಾಗಕ್ಕೆ ನಿಖರವಾಗಿ ಕೊಂಡೊಯ್ದಿತು. 1772ರ ಕೊನೆಯಲ್ಲಿ ಒಮ್ಮೆ, 1775ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹುಡುಕಿದರೂ ನೆಲ ಕಾಣಲಿಲ್ಲ. ಬೂವೆ ಕಂಡದ್ದು ಹಿಮಬಂಡೆಗಳಿರಬೇಕು ಎಂಬ ತೀರ್ಮಾನಕ್ಕೆ ಕುಕ್ ಬಂದನು. ದಿಕ್ಸೂಚಿಯ ಓರೆಯನ್ನು ಗಣಿಸಿ ಬೂವೆಯ ರೇಖಾಂಶವನ್ನು ತಿದ್ದಿಕೊಳ್ಳಬೇಕೆಂದು ಫ್ರೆಂಚ್ ಖಗೋಳಜ್ಞ ಲ ಮೊನ್ಯೆ ವಾದಿಸಿದನು. ಕುಕ್‌ನೊಂದಿಗೆ ಹೋಗಿದ್ದ ಖಗೋಳಜ್ಞ ವಿಲಿಯಂ ವೇಲ್ಸ್ ಅದನ್ನು ಅಲ್ಲಗಳೆದನು. ಕುಕ್‌ನ ಮಾತಿಗೆ ಇದ್ದ ತೂಕ ದೊಡ್ಡದು. 1786ರಲ್ಲಿ ಬೂವೆ ತೀರಿಕೊಂಡಾಗ ಅವನು ಕಂಡ ನೆಲವನ್ನು ಎರಡನೆಯವರು ಯಾರೂ ಕಂಡಿರಲಿಲ್ಲ.

ಕುಕ್‌ನ ನಿರ್ಣಯವನ್ನು ಇಂದು ತಪ್ಪೆಂದು ಹೇಳುವುದು ಸುಲಭ. ಕೊಟ್ಟ ಜಾಗದಲ್ಲಿ ನೆಲವಿಲ್ಲವೆಂಬ ಅವನ ಹೇಳಿಕೆ ಪೂರ್ತಿ ಸತ್ಯವಾಗಿತ್ತು. ಕಾಣದಿರುವುದರಿಂದ ಇಲ್ಲದಿರುವುದನ್ನು ಊಹಿಸಿದ ಎರಡನೆಯ ಹೆಜ್ಜೆಯಲ್ಲಿ ಮಾತ್ರ ದೋಷವಿತ್ತು. ಆದರೂ ದಕ್ಷಿಣ ಖಂಡದ ಕಲ್ಪನೆಯನ್ನು ಒಡೆಯಲು ಹೊರಟವನಿಗೆ, ಆ ಖಂಡಕ್ಕೆ ಸಾಕ್ಷಿಯೆಂದು ತೋರಿಸಲಾಗುತ್ತಿದ್ದ ಭೂಶಿರವು ಇಲ್ಲವಾಗುವುದು ಅನುಕೂಲಕರವಾಗಿಯೇ ಇದ್ದಿತು ಎಂಬುದನ್ನು ಗಮನಿಸದಿರಲಾಗದು.

ಮುಂದಿನ ಹಂತದಲ್ಲಿ ದ್ವೀಪವನ್ನು ಕಂಡವರು ವಿಜ್ಞಾನಿಗಳಲ್ಲ, ಸೀಲ್ ಮತ್ತು ತಿಮಿಂಗಿಲ ಬೇಟೆಯ ಹಡಗಿನವರು. ಲಂಡನ್ನಿನ ಎಂಡರ್ಬಿ ಕಂಪನಿಯ ‘ಸ್ವಾನ್’ ಹಡಗಿನ ಜೇಮ್ಸ್ ಲಿಂಡ್ಸೆ 1808ರಲ್ಲಿ ನೆಲವನ್ನು ಕಂಡನು; ಜೊತೆಯಲ್ಲಿ ಥಾಮಸ್ ಹಾಪರನ ‘ಆಟರ್’ ಇದ್ದಿತು. ಹಿಮದಿಂದಾಗಿ ಇಳಿಯಲಾಗಲಿಲ್ಲ. ಅದು ದ್ವೀಪವೆಂಬುದು ಆಗಲೇ ಗೊತ್ತಾದದ್ದು. ಅದಕ್ಕೆ ‘ಲಿಂಡ್ಸೆ ದ್ವೀಪ’ ಎಂಬ ಹೆಸರು ಬಂದಿತು. ಅಮೆರಿಕದ ಬೆಂಜಮಿನ್ ಮಾರೆಲ್ 1822ರಲ್ಲಿ ತಾನು ಇಲ್ಲಿ ಇಳಿದು ಸೀಲ್‌ಗಳನ್ನು ಬೇಟೆಯಾಡಿದೆನೆಂದು ಹೇಳಿಕೊಂಡಿದ್ದಾನೆ. ಆದರೆ ಈ ದ್ವೀಪವನ್ನು ನೋಡಿದ ಯಾರೂ ಮರೆಯಲಾಗದ ಹಿಮದ ಹೊದಿಕೆಯನ್ನೇ ಅವನ ವರ್ಣನೆ ಮರೆತಿರುವುದರಿಂದ ಅವನ ಮಾತನ್ನು ಹಲವರು ಒಪ್ಪುವುದಿಲ್ಲ. 1825ರ ಡಿಸೆಂಬರಿನಲ್ಲಿ ಅದೇ ಎಂಡರ್ಬಿ ಕಂಪನಿಯ ಜಾರ್ಜ್ ನಾರಿಸ್ ‘ಸ್ಪ್ರೈಟ್ಲಿ’ ಹಡಗಿನಲ್ಲಿ ಬಂದು, ದ್ವೀಪಕ್ಕೆ ‘ಲಿವರ್‌ಪೂಲ್’ ಎಂದು ಹೆಸರಿಟ್ಟು, 16ರಂದು ದೊರೆ ನಾಲ್ಕನೆಯ ಜಾರ್ಜನ ಹೆಸರಿನಲ್ಲಿ ಅದನ್ನು ಬ್ರಿಟನ್ನಿನ ಆಸ್ತಿಯೆಂದು ಘೋಷಿಸಿದನು. ಈಶಾನ್ಯಕ್ಕೆ ಮತ್ತೊಂದು ದ್ವೀಪವನ್ನು ಕಂಡುದಾಗಿ ವರದಿ ಮಾಡಿ ಅದನ್ನು ‘ಥಾಂಪ್ಸನ್’ ಎಂದು ಕರೆದನು.

ಹೀಗೆ ಒಂದು ಶತಮಾನ ತುಂಬುವುದರೊಳಗೆ ಒಂದೇ ಬಂಡೆಗೆ ಮೂರು ಹೆಸರುಗಳಾದವು. ಹೆಸರುಗಳು ಮೂರಾದುದರಿಂದ ನಕ್ಷೆಗಳಲ್ಲಿ ನೆಲಗಳೂ ಮೂರಾದವು. 1843ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್, 1845ರಲ್ಲಿ ‘ಪಗೋಡಾ’ ಹಡಗಿನ ಮೂರ್ ಹುಡುಕಿ ಬರಿಗೈಯಲ್ಲಿ ಮರಳಿದರು. ಇಂಥ ಗೊಂದಲ ಜನವಸತಿಯಿರುವ ನೆಲದಲ್ಲಿ ಹೆಚ್ಚುಕಾಲ ಬಾಳುವಂಥದಲ್ಲ. ದಡದಲ್ಲಿ ನಿಂತವನೊಬ್ಬನನ್ನು ‘ಇದು ಯಾವ ಊರು’ ಎಂದು ಕೇಳಿದರೆ ಸಾಕು, ಮುಗಿಯುತ್ತದೆ.

ಗೊಂದಲವನ್ನು ಬಗೆಹರಿಸಿದ್ದು ಕಾರ್ಲ್ ಖೂನ್ ನೇತೃತ್ವದ ಜರ್ಮನ್ ಆಳಕಡಲ ಸಂಶೋಧನಾ ಯಾನ. ಕಪ್ತಾನ ಆಡಾಲ್ಬರ್ಟ್ ಕ್ರೆಖ್ ನಡೆಸುತ್ತಿದ್ದ ‘ವಾಲ್ಡಿವಿಯ’ ಹಡಗು ಕೇಪ್‌ಟೌನಿನಿಂದ ಹೊರಟು 1898ರ ನವೆಂಬರ್ 25ರಂದು ದ್ವೀಪವನ್ನು ಕಂಡಿತು. ಅದರ ಸ್ಥಾನವನ್ನು 54°26′ ದಕ್ಷಿಣ, 3°24′ ಪೂರ್ವ ಎಂದು ನಿಗದಿಪಡಿಸಲಾಯಿತು. ಬೂವೆ, ಲಿಂಡ್ಸೆ, ನಾರಿಸ್ ಕಂಡ ನೆಲಗಳು ಒಂದೇ ಎಂಬುದು ಇದರಿಂದ ಖಚಿತವಾಯಿತು. ಬೂವೆಯ ಮಾತು ನಿಜವೆಂದು ರುಜುವಾತಾಗಲು 159 ವರ್ಷ ಬೇಕಾಯಿತು. ಜರ್ಮನ್ನರಿಗೂ ದಡಕ್ಕೆ ಇಳಿಯಲಾಗಲಿಲ್ಲ. ಆದರೂ ಹಡಗಿನ ಮೇಲಿಂದಲೇ ಚಕ್ರವರ್ತಿ ವಿಲ್‌ಹೆಲ್ಮನ ಹೆಸರನ್ನು ನಡುವಣ ಪ್ರಸ್ಥಭೂಮಿಗೂ, ಮಂತ್ರಿ ಪೊಸಡೋವ್‌ಸ್ಕಿಯ ಹೆಸರನ್ನು ಹಿಮನದಿಯೊಂದಕ್ಕೂ ಕೊಟ್ಟರು.

ಕನ್ನಡ ಸ್ಥಳನಾಮ ಅಧ್ಯಯನದ ಪರಿಭಾಷೆಯಲ್ಲಿ ಹೇಳುವುದಾದರೆ ಸ್ಥಳನಾಮದಲ್ಲಿ ನಿರ್ದಿಷ್ಟ ಮತ್ತು ವಾರ್ಗಿಕ ಎಂಬ ಎರಡು ಘಟಕಗಳು. ‘ಹೊಸಹಳ್ಳಿ’ಯಲ್ಲಿ ‘ಹೊಸ’ ಎಂಬುದು ನಿರ್ದಿಷ್ಟ, ‘ಹಳ್ಳಿ’ ವಾರ್ಗಿಕ. ಸಾಮಾನ್ಯವಾಗಿ ಕಾಲಾಂತರದಲ್ಲಿ ಬದಲಾಗುವುದು ನಿರ್ದಿಷ್ಟ. ಹಳ್ಳಿ ಪುರವಾಗುವಂಥ ಸಂದರ್ಭಗಳಲ್ಲಿ ವಾರ್ಗಿಕವೂ ಬದಲಾಗುವುದುಂಟು. ಬೂವೆ ದ್ವೀಪದಲ್ಲಿ ಎರಡೂ ಬದಲಾದವು. ‘ಸುನ್ನತಿ’ ಹೋಗಿ ‘ಬೂವೆ’ ಬಂದಿತು, ‘ಭೂಶಿರ’ ಹೋಗಿ ‘ದ್ವೀಪ’ ಬಂದಿತು. ಮೊದಲನೆಯ ಬದಲಾವಣೆ ಗೌರವಸೂಚಕ. ಎರಡನೆಯದು ಜ್ಞಾನದ ತಿದ್ದುಪಡಿ. ‘ಭೂಶಿರ’ ಎಂಬ ಮಾತಿನಲ್ಲಿ ಅದರ ಹಿಂದೆ ದೊಡ್ಡ ಭೂಮಿಯೊಂದಿದೆ ಎಂಬ ಪ್ರತಿಪಾದನೆ ಅಡಗಿತ್ತು. ‘ದ್ವೀಪ’ ಎಂದೊಡನೆ ಒಂದು ಖಂಡವೇ ಕರಗಿತು. ಹಳೆಯ ಹೆಸರು ಪೂರ್ತಿ ಅಳಿಯಲಿಲ್ಲ. ದ್ವೀಪದ ವಾಯವ್ಯದ ಮೂಲೆಗೆ ಸರಿದು ಇಂದಿಗೂ ಅಲ್ಲಿನ ಭೂಶಿರಕ್ಕೆ ‘ಸಿರ್ಕೊಂಸಿಸಿಯೋಂ’ ಎಂಬ ಹೆಸರಾಗಿಯೇ ಉಳಿದಿದೆ.

ನಾಮಕರಣದ ಮೂರನೆಯ ಘಟ್ಟದಲ್ಲಿ ಪ್ರಶ್ನೆ ಒಡೆತನದ್ದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದಕ್ಷಿಣ ಸಾಗರದ ತಿಮಿಂಗಿಲ ಉದ್ಯಮದಲ್ಲಿ ನಾರ್ವೆಯವರು ಮುಂದಿದ್ದರೂ ಅವರಿಗೆ ಬೇಕಾದ ನೆಲೆಗಳು ಬ್ರಿಟನ್ನಿನ ಅಧೀನದಲ್ಲಿದ್ದವು; ಪರವಾನಗಿ ಮತ್ತು ಸುಂಕದ ಹೊರೆ ಅವರ ಮೇಲೆ ಬೀಳುತ್ತಿತ್ತು. ಹಡಗು ಉದ್ಯಮಿ ಲಾರ್ಸ್ ಕ್ರಿಸ್ಟೆನ್‌ಸೆನ್ ಕಳುಹಿಸಿದ ‘ನಾರ್ವೇಗಿಯ’ ಯಾನವು ಹೆರಾಲ್ಡ್ ಹಾರ್ನ್‌ಟ್ವೆಟ್‌ನ ನೇತೃತ್ವದಲ್ಲಿ 1927ರ ಡಿಸೆಂಬರ್ 1ರಂದು ದ್ವೀಪದಲ್ಲಿ ಇಳಿದು, ಸುಮಾರು ಒಂದು ತಿಂಗಳು ಅಲ್ಲಿದ್ದು, ನಾರ್ವೆಯ ಧ್ವಜವನ್ನು ಏರಿಸಿತು. 1928ರ ಜನವರಿ 23ರ ರಾಜಾಜ್ಞೆಯಿಂದ ದ್ವೀಪವು ನಾರ್ವೆಯ ಆಡಳಿತಕ್ಕೆ ಸೇರಿತು. ಬ್ರಿಟನ್ ಆಕ್ಷೇಪಿಸಿತು. ಅದರ ಆಧಾರ 1825ರ ನಾರಿಸ್‌ನ ಘೋಷಣೆ. ಮೇಲುನೋಟಕ್ಕೆ ಇದು ಗಟ್ಟಿಯಾದ ವಾದ: ಬಂದವನಿದ್ದಾನೆ, ಹೆಸರಿದೆ, ತಾರೀಖಿದೆ, ದೊರೆಯ ಹೆಸರಿನಲ್ಲಿ ಮಾಡಿದ ಘೋಷಣೆಯಿದೆ. ಆದರೆ ನಾರಿಸ್ ಕೊಟ್ಟ ಸ್ಥಾನ ಸರಿಹೊಂದುತ್ತಿರಲಿಲ್ಲ. ಮೇಲಾಗಿ ಅವನು ಎರಡು ದ್ವೀಪಗಳನ್ನು ವರದಿ ಮಾಡಿದ್ದನು. ಅವನು ಬ್ರಿಟನ್ನಿಗೆ ಸೇರಿಸಿದ್ದು ಯಾವುದನ್ನು, ಬೂವೆಯನ್ನೋ ಥಾಂಪ್ಸನ್ನನ್ನೋ ಎಂಬ ಪ್ರಶ್ನೆಗೆ ಖಚಿತ ಉತ್ತರವಿರಲಿಲ್ಲ. ಹೀಗಾಗಿ ಇಲ್ಲದ ದ್ವೀಪವೊಂದು ಇರುವ ದ್ವೀಪದ ಮೇಲಣ ಹಕ್ಕನ್ನು ದುರ್ಬಲಗೊಳಿಸಿತು. 1929ರಲ್ಲಿ ಬ್ರಿಟನ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. 1930ರ ಫೆಬ್ರವರಿ 27ರ ಕಾನೂನು ದ್ವೀಪವನ್ನು ನಾರ್ವೆಯ ಅಧೀನ ಪ್ರದೇಶವೆಂದು ಸಾರಿತು. ಅಂಟಾರ್ಕ್ಟಿಕ್ ಒಪ್ಪಂದದ ವ್ಯಾಪ್ತಿ 60 ಡಿಗ್ರಿ ದಕ್ಷಿಣದಿಂದ ಆಚೆಗಿರುವುದರಿಂದ ಈ ದ್ವೀಪ ಅದರ ಹೊರಗೆ ಉಳಿದಿದೆ. 1971ರಲ್ಲಿ ಇದನ್ನು ನಿಸರ್ಗಧಾಮವಾಗಿ ಘೋಷಿಸಲಾಯಿತು.

ನಾರ್ವೆಯ ದಾಖಲೆಗಳು ದ್ವೀಪವನ್ನು ‘ಬೂವೆಓಯಾ’ ಎಂದು ಕರೆದವು. ‘ಓಯಾ’ ಎಂದರೆ ದ್ವೀಪ. ಫ್ರೆಂಚ್ ನಾವಿಕನ ಹೆಸರನ್ನು ಉಳಿಸಿಕೊಂಡುದರಲ್ಲಿ ನ್ಯಾಯಬುದ್ಧಿಯ ಜೊತೆಗೆ ವ್ಯವಹಾರಜ್ಞಾನವೂ ಇದ್ದಿರಬೇಕೆಂದು ಊಹಿಸಲು ಅವಕಾಶವಿದೆ. ಫ್ರಾನ್ಸ್ ಈ ದ್ವೀಪಕ್ಕಾಗಿ ಸ್ಪರ್ಧೆಯಲ್ಲಿರಲಿಲ್ಲ. ‘ಬೂವೆ’ ಎಂದರೆ ಯಾರಿಗೂ ಹಕ್ಕನ್ನು ಒಪ್ಪಿದಂತಾಗುವುದಿಲ್ಲ. ‘ಲಿವರ್‌ಪೂಲ್’ ಎಂದರೆ ಆಗುತ್ತದೆ. ಒಳಗಿನ ಭಾಗಗಳಿಗೆ ಮಾತ್ರ ನಾರ್ವೆಯ ಹೆಸರುಗಳು ಧಾರಾಳವಾಗಿ ಬಂದವು. ಅತ್ಯುನ್ನತ ಶಿಖರ ಯುವರಾಜ ಓಲಾವ್‌ನಿಂದ ‘ಓಲಾವ್‌ಟೊಪ್ಪೆನ್’ ಆಯಿತು, ನೈಋತ್ಯದ ಕಿರುದ್ವೀಪ ಲಾರ್ಸ್ ಕ್ರಿಸ್ಟೆನ್‌ಸೆನ್‌ನಿಂದ ‘ಲಾರ್ಸ್‌ಓಯಾ’ ಆಯಿತು. ಕಪ್ತಾನ ಹಾರ್ನ್‌ಟ್ವೆಟ್‌ನಿಗೂ ಒಂದು ಹಿಮನದಿ ದಕ್ಕಿತು. ಜರ್ಮನ್ ಹೆಸರುಗಳು ನಾರ್ವೆಯ ವಾರ್ಗಿಕಗಳನ್ನು ಹಚ್ಚಿಕೊಂಡು ಉಳಿದವು. ಓಲಾವ್ ಶಿಖರವನ್ನು ಮನುಷ್ಯರು ಮೊದಲು ಏರಿದ್ದು 2012ರಲ್ಲಿ; ಹೆಸರು ಬಂದು ಎಂಬತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ಥಾಂಪ್ಸನ್ ದ್ವೀಪದ ಕಥೆ ಇದರ ಪಡಿನೆಳಲು. 1893ರಲ್ಲಿ ಜೋಸೆಫ್ ಫುಲ್ಲರ್ ಎಂಬ ಅಮೆರಿಕದ ಕಪ್ತಾನನೂ ಅದನ್ನು ಕಂಡೆನೆಂದನು. ‘ವಾಲ್ಡಿವಿಯ’ಕ್ಕೆ ಅದು ಸಿಗಲಿಲ್ಲ, ನಾರ್ವೆಯವರಿಗೂ ಸಿಗಲಿಲ್ಲ. 1890ರ ದಶಕದಲ್ಲಿ ಜ್ವಾಲಾಮುಖಿ ಸಿಡಿದು ಅದು ಮುಳುಗಿರಬಹುದೆಂಬ ಊಹೆಯನ್ನು 1967ರಲ್ಲಿ ಮುಂದಿಡಲಾಯಿತು. ಆದರೆ ಹೇಳಲಾದ ಜಾಗದಲ್ಲಿ ಕಡಲಿನ ಆಳ 2,400 ಮೀಟರಿಗೂ ಹೆಚ್ಚು, ಮುಳುಗಿದ ದ್ವೀಪದ ಬುಡವೂ ಅಲ್ಲಿಲ್ಲವೆಂಬುದು ಮುಂದೆ ತಿಳಿದು ಆ ಊಹೆ ನೆಲೆ ಕಳೆದುಕೊಂಡಿತು. ಬೂವೆ ಮತ್ತು ನಾರಿಸ್ ಇಬ್ಬರೂ ಮಂಜಿನಲ್ಲಿ ನೋಡಿದವರು, ಇಬ್ಬರೂ ತಪ್ಪು ಅಂಕಿಗಳನ್ನು ಬರೆದವರು. ಥಾಂಪ್ಸನ್ ಇಲ್ಲವೆಂಬ ನಿರ್ಣಯವು ಕುಕ್‌ನ ನಿರ್ಣಯದಂತೆ ಕಾಣದಿರುವುದನ್ನಷ್ಟೇ ಅವಲಂಬಿಸಿಲ್ಲ, ಕಡಲತಳದ ಅಳತೆಯನ್ನು ಅವಲಂಬಿಸಿದೆ ಎಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ.

ದ್ವೀಪದ ಹೆಸರುಗಳಲ್ಲಿ ತೀರ ಈಚಿನದೊಂದು ಬೇರೆ ಜಾತಿಯದು. 1955ರಲ್ಲಿ ಹವಾಮಾನ ಕೇಂದ್ರಕ್ಕೆ ಜಾಗ ನೋಡಲು ಬಂದ ದಕ್ಷಿಣ ಆಫ್ರಿಕದ ಹಡಗಿನವರಿಗೆ ಪಶ್ಚಿಮ ದಡದಲ್ಲಿ ಸಮತಟ್ಟಾದ ನೆಲ ಕಂಡಿರಲಿಲ್ಲ. 1958ರ ಜನವರಿ 1ರಂದು, ಬೂವೆ ಮೊದಲು ಕಂಡ ದಿನದಿಂದ ಸರಿಯಾಗಿ 219 ವರ್ಷಗಳ ಅನಂತರ, ಅಮೆರಿಕದ ‘ವೆಸ್ಟ್‌ವಿಂಡ್’ ಎಂಬ ಹಿಮಭಂಜಕ ಹಡಗು ಬಂದಾಗ ಅಲ್ಲಿ ತಗ್ಗಾದ ಹೊಸ ತಟ್ಟು ಇದ್ದಿತು. ನಡುವಣ ವರ್ಷಗಳಲ್ಲಿ ಬಂಡೆಗಳು ಕುಸಿದು ಅದು ಉಂಟಾಗಿತ್ತು. ನಾರ್ವೆಯವರು ಅದನ್ನು ‘ನ್ಯೂರೋಯ್ಸಾ’ ಎಂದು ಕರೆದರು. ‘ಹೊಸ ಕಲ್ಲುಗುಪ್ಪೆ’ ಎಂದು ಅದರ ಅರ್ಥ. ದೊರೆ, ಮಂತ್ರಿ, ಹಡಗಿನ ಒಡೆಯರ ಹೆಸರುಗಳ ನಡುವೆ ನೆಲ ಹೇಗಿದೆಯೋ ಹಾಗೆ ಹೇಳುವ ಕೆಲವೇ ಹೆಸರುಗಳಲ್ಲಿ ಇದು ಒಂದು. ನಮ್ಮ ‘ಕಲ್ಲಹಳ್ಳಿ’, ‘ಹೊಸದುರ್ಗ’ಗಳ ಮನೋಧರ್ಮ ಇದರದು. ಇಳಿಯಲು ಆಗುವ ಜಾಗ ಅದೊಂದೇ ಎನ್ನುವಂತಿರುವುದರಿಂದ ಪೆಂಗ್ವಿನ್ ಮತ್ತು ಸೀಲ್‌ಗಳೂ ಸಂಶೋಧಕರೂ ಅಲ್ಲಿಯೇ ನೆಲೆ ಹೂಡುತ್ತಾರೆ. 1977ರಲ್ಲಿ ಅಲ್ಲಿ ಸ್ವಯಂಚಾಲಿತ ಹವಾಮಾನ ಯಂತ್ರಗಳನ್ನು ಸ್ಥಾಪಿಸಲಾಯಿತು. 1990ರ ದಶಕದಲ್ಲಿ ಕಟ್ಟಿದ ಸಂಶೋಧನಾ ಕೊಠಡಿಯು 2006ರಲ್ಲಿ ಭೂಕಂಪದಿಂದ ಅಲುಗಾಡಿ, ಬಿರುಗಾಳಿಗೆ ಕಡಲುಪಾಲಾಯಿತು. 2014ರಲ್ಲಿ ಅದೇ ಕಲ್ಲುಗುಪ್ಪೆಯ ಮೇಲೆ ಹೊಸದೊಂದನ್ನು ನಿಲ್ಲಿಸಲಾಯಿತು.